ಮೂತಿಗೆ ಕಟ್ಟಿದ ಸ್ಟೆಪ್ನಿ

ನಮ್ಮ ಬೀದಿಯ ಕೊನೆಯ ಮನೆಯವರು ಹೊಸದಾಗಿ ಒಂದು ಗಾಡಿ ತಂದಿದ್ದಾರೆ. ಗುಡ್ಡ ಹತ್ತುವ, ಹಳ್ಳ ದಾಟುವ ಗಾಡಿಯಂತೆ. ನಮ್ಮ ಬೀದಿಯಲ್ಲಿ ಗುಡ್ಡವೂ ಇಲ್ಲ, ಹಳ್ಳವೂ ಇಲ್ಲ. ಮಳೆ ಬಂದರೆ ನೀರು ನಿಲ್ಲುವ ಒಂದು ಗುಂಡಿ ಇದೆ, ಅದನ್ನು ನನ್ನ ಹಳೆಯ ಸ್ಕೂಟರೂ ದಾಟುತ್ತದೆ. ಅದು ಹೋಗಲಿ. ಮೊನ್ನೆ ಬೆಳಿಗ್ಗೆ ಹಾಲು ತರಲು ಹೋದಾಗ ನೋಡುತ್ತೇನೆ, ಆ ಮನೆಯ ಮಹಾಶಯ ಸ್ಟೆಪ್ನಿಯನ್ನು ಹಿಂದಿನಿಂದ ಬಿಚ್ಚಿ ಗಾಡಿಯ ಮೂತಿಗೆ ಹಾಕಿಸಿದ್ದಾನೆ. ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಹಲ್ಲು ಕಿರಿಯುವ ದಪ್ಪ ಟೈರು.

"ಹೇಗಿದೆ ಸಾರ್?" ಎಂದ.

"ಬಿಚ್ಚೋಕೆ ಬರುತ್ತಾ?" ಎಂದೆ.

"ಬಿಚ್ಚೋದ್ಯಾಕೆ ಸಾರ್? ಲುಕ್ಕೇ ಹೋಗುತ್ತೆ" ಎಂದು ನಕ್ಕ.

ನನಗೆ ನಖಶಿಖಾಂತ ಉರಿಯಿತು. ಮನೆಗೆ ಬಂದು ಗೇಟನ್ನು ಬಡಿದೆ, ಹಾಲಿನ ಪ್ಯಾಕೆಟ್ಟನ್ನು ಕುಕ್ಕಿದೆ, ಪೇಪರನ್ನು ತಲೆಕೆಳಗಾಗಿ ಹಿಡಿದು ಓದಿದೆ. ನನ್ನ ಹೆಂಡತಿ ಸಮಾಧಾನವಾಗಿ ಹೇಳಿದಳು: "ಗಾಡಿ ಅವರದು, ಟೈರು ಅವರದು, ಬಿ.ಪಿ. ಮಾತ್ರ ನಿಮ್ಮದು." ಅವಳ ಮಾತಿನಲ್ಲಿ ತಪ್ಪಿಲ್ಲ. ಆದರೆ ಮೂತಿಯ ಮೇಲೆ ಸ್ಟೆಪ್ನಿ ಹೊತ್ತ ಗಾಡಿ ಕಂಡರೆ ನನಗೆ ಇಂದಿಗೂ ಮೈಮೇಲೆ ಬರುತ್ತದೆ. ಕೇಳುವ ವ್ಯವಧಾನ ನಿಮಗಿದ್ದರೆ ಯಾಕೆಂದು ಹೇಳಿಬಿಡುತ್ತೇನೆ, ನನಗೂ ಎದೆ ಹಗುರವಾದೀತು.

ಟೈರಿನ ಮೇಲೆ ನನಗೆ ಹುಟ್ಟು ದ್ವೇಷವೇನೂ ಇರಲಿಲ್ಲ. ಚಿಕ್ಕಂದಿನಲ್ಲಿ ನನ್ನ ಆಸ್ತಿ ಎಂದರೆ ಒಂದು ಸವೆದ ಸೈಕಲ್ ಟೈರು, ಒಂದು ತೊಗರಿಕಡ್ಡಿ. ಚಿನಕುರಳಿಗೆ ಹತ್ತಿರದ ನಮ್ಮ ಹಳ್ಳಿಯಿಂದ ನಾಲೆಯ ಏರಿಯ ಮೇಲೆ ಟೈರು ಹೊಡೆದುಕೊಂಡು ಓಡುತ್ತಿದ್ದೆ. ಬಾಯಿಯಲ್ಲಿ ಬಸ್ಸಿನ ಶಬ್ದ, ತಿರುವಿನಲ್ಲಿ ಹಾರನ್ನು, ಹುಣಸೆಮರದ ಕೆಳಗೆ ಸ್ಟಾಪು. ಒಮ್ಮೆ ಟೈರು ನಾಲೆಗೆ ಬಿತ್ತು, ಹಿಂದೆಯೇ ನಾನೂ ಬಿದ್ದೆ. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ಧುಮುಕಿ ನನ್ನನ್ನು ಎಳೆದು ಹಾಕಿದ, ಬೆನ್ನಿಗೆ ನಾಲ್ಕು ಬಾರಿಸಿದ, ಆಮೇಲೆ ಮತ್ತೆ ನೀರಿಗಿಳಿದು ಟೈರನ್ನೂ ತಂದುಕೊಟ್ಟ. ಅಪ್ಪ ಬೇಗ ತೀರಿಕೊಂಡ ಮೇಲೆ ನನ್ನನ್ನೂ ಪದ್ಮಕ್ಕನನ್ನೂ ಸಾಕಿದವನು ಈ ದೊಡ್ಡಪ್ಪನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಅವನನ್ನು ಬೈಯುವಾಗ ನೆನಪಾಗುವುದಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ದೊಡ್ಡಪ್ಪ ಒಂದು ಜೀಪು ತಂದ. ಮಿಲಿಟರಿಯವರಿಗೆ ಸಾಕಾಗಿ ಹರಾಜಿಗೆ ಹಾಕಿದ ಜೀಪು. ಸುತ್ತಲಿನ ಹಳ್ಳಿಗಳಲ್ಲಿ ಟ್ರಾಕ್ಟರುಗಳಿದ್ದವು, ಲೂನಾಗಳಿದ್ದವು; ಜೀಪು ನಮ್ಮದೊಂದೇ. ಅಲ್ಲಿಯವರೆಗೆ ಆಲೆಮನೆಯ ಮುಂದೆ ಬರಿಮೈಯಲ್ಲಿ ನಿಂತು ಬೆಲ್ಲದ ಪಾಕ ನೋಡುತ್ತಿದ್ದ ಮನುಷ್ಯ ಇಸ್ತ್ರಿ ಷರ್ಟು ಹಾಕತೊಡಗಿದ. ಪಾಂಡವಪುರಕ್ಕೆ ಒಂದು ಬೀಡಿಕಟ್ಟು ತರಬೇಕಾದರೂ ಜೀಪಿನಲ್ಲೇ ಹೋಗುವುದು.

ಜೀಪಿನ ಸ್ಟೆಪ್ನಿ ಎಲ್ಲ ಜೀಪುಗಳಂತೆ ಹಿಂದೆಯೇ ಇತ್ತು. ಒಂದು ಅಮಾವಾಸ್ಯೆ ದಿನ ದೊಡ್ಡಪ್ಪ ಗಂಜಾಮಿಗೆ ಹೋಗಿ, ನಿಮಿಷಾಂಬನ ಗುಡಿಯ ಮುಂದಿನ ಹೊಳೆಯಲ್ಲಿ ಮುಳುಗು ಹಾಕಿ, ಕೈಮುಗಿದು ಹೊರಗೆ ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮ ಅದನ್ನು ಬಿಚ್ಚಿಕೊಂಡು ಹೋಗಿದ್ದ. ದೊಡ್ಡಪ್ಪ ಒಂದು ವಾರ ಅನ್ನ ಸೇರದೆ ಕೂತ. ಎಂಟನೆಯ ದಿನ ಹೊಚ್ಚಹೊಸ ಟೈರು ತಂದು ಸಾರಿದ:

"ಇನ್ಮೇಲೆ ಸ್ಟೆಪ್ನಿ ಮುಂದ್ಗಡೆ ಇರ್ಬೇಕು ಕಣ್ಲಾ ಮಾದೇಸ. ಕಣ್ಮುಂದೆ. ಇಂದ್ಗಡೆ ಇದ್ರೆ ಯಾವನ್ ಕಿತ್ಕಂಡ್ ಓದ್ನೋ ಎಂಗ್ ಗೊತ್ತಾದದು?"

"ಓಡ್ಸೋವಾಗ ಯಾರೂ ಕದಿಯಾಕಿಲ್ಲ ದೊಡ್ಡಪ್ಪ. ನಿಲ್ಸಿದ್ದಾಗ ಕದ್ದಿರೋದು."

"ಬಾಯ್ಮುಚ್ಲಾ. ಮೊದ್ಲು ಡಿಗ್ರಿ ಪಾಸ್ ಮಾಡು."

ನಾನು ಆಗ ಬಿ.ಎ. ಕೊನೆಯ ವರ್ಷದ ಎರಡು ಪೇಪರುಗಳ ಜೊತೆ ಸತತವಾಗಿ ಹೋರಾಡುತ್ತಿದ್ದೆ. ಆದ್ದರಿಂದ ನಮ್ಮ ಮನೆಯಲ್ಲಿ ನನ್ನ ಯಾವ ಮಾತಿಗೂ ಇದೇ ಉತ್ತರ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೂ ಡಿಗ್ರಿ ಪಾಸು ಮಾಡು.

ಶ್ರೀರಂಗಪಟ್ಟಣದಲ್ಲಿ ಖಾದರ್ ಸಾಹೇಬರ ವೆಲ್ಡಿಂಗ್ ಅಂಗಡಿ. ಅವರು ಬಂಪರಿನ ಮೇಲೆ ಆಂಗಲ್ ಪಟ್ಟಿಯಿಂದ ಸ್ಟ್ಯಾಂಡು ಮಾಡಿ, ಮೂರು ಬೋಲ್ಟು ಹಾಕಿ ಟೈರು ಕೂರಿಸಿದರು. ಅಷ್ಟಕ್ಕೆ ಮುಗಿಯಬೇಕಿತ್ತು. ದೊಡ್ಡಪ್ಪ ನಟ್ಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿ, "ಇವುಕ್ಕೂ ಒಂದೊಂದ್ ಚುಕ್ಕೆ ವೆಲ್ಡಿಂಗ್ ಮಡಗ್ಬುಡಿ ಸಾಬ್ರೇ" ಎಂದ.

ಸಾಹೇಬರು ಕನ್ನಡಕ ಎತ್ತಿದರು. "ಕ್ಯಾ ಗೌಡ್ರೆ! ಸ್ಟೆಪ್ನಿ ಅಂದ್ರೆ ಬಿಚ್ಚಿ ಹಾಕೋದಕ್ಕಲ್ವಾ? ನಟ್ಟಿಗೆ ವೆಲ್ಡಿಂಗ್ ಹೊಡುದ್ರೆ ಬಿಚ್ಚೋದು ಕೈಸಾ?"

"ಕಳ್ಳ ಬಿಚ್ಬಾರ್ದು."

"ಕಳ್ಳನೂ ಬಿಚ್ಚೋದಿಲ್ಲ, ನೀವೂ ಬಿಚ್ಚೋದಿಲ್ಲ. ನೋಡ್ಕೊಂಡು ಕುತ್ಕೊಳ್ಳಿ, ಬಸ್."

ದೊಡ್ಡಪ್ಪ ಅದನ್ನು ಹೊಗಳಿಕೆ ಎಂದುಕೊಂಡ. ನೋಡಿಕೊಂಡೇ ಕೂತ. ಮೂತಿಯ ಮೇಲೆ ಹೊಸ ಟೈರು ಮೆರೆಯುತ್ತಿದ್ದರೆ ಕೆಳಗೆ ರಸ್ತೆಗೆ ತಾಗುವ ನಾಲ್ಕೂ ಟೈರುಗಳು ಬೋಳಾಗಿ ನುಣ್ಣಗೆ ಹೊಳೆಯುತ್ತಿದ್ದವು. ಅವಕ್ಕೆ ತೇಪೆಯ ಮೇಲೆ ತೇಪೆ. ಮುಂದಿನದಕ್ಕೆ ಮಾತ್ರ ಲಕ್ಷ್ಮಿಯೆಂದು ಶುಕ್ರವಾರ ಶುಕ್ರವಾರ ಅರಿಶಿನ, ಕುಂಕುಮ, ಹೂವು. ಆಯುಧಪೂಜೆಯಲ್ಲಿ ನೇಗಿಲು, ಮಚ್ಚು, ಪಂಪ್‌ಸೆಟ್ಟುಗಳಿಗೆಲ್ಲ ಸೇರಿ ಒಂದು ಬೂದಗುಂಬಳ. ಆ ಟೈರಿಗೇ ಒಂದು. ಪಾಂಡವಪುರದ ರೈಲ್ವೆ ಗೇಟಿನ ಹತ್ತಿರ ಕಡಲೆಕಾಯಿ ಮಾರುವವನೊಬ್ಬ ಯಾರೋ ಸಾಹೇಬರ ಜೀಪೆಂದು ತಿಳಿದು ಎದ್ದು ಸಲಾಮು ಹೊಡೆದ. ಅವತ್ತಿನಿಂದ ದೊಡ್ಡಪ್ಪ ಆ ಗೇಟಿಗೆ ಬಂದಾಗೆಲ್ಲ ವೇಗ ಕಡಿಮೆ ಮಾಡುತ್ತಿದ್ದ.

ಈಗ ಅನನುಕೂಲಗಳನ್ನು ಕೇಳಿ. ಆ ಜೀಪಿಗೆ ಸೆಲ್ಫು ಎಂಬುದು ಹೆಸರಿಗೆ ಮಾತ್ರ. ಬಂಪರಿನ ತೂತಿನಲ್ಲಿ ಹ್ಯಾಂಡಲ್ ತೂರಿಸಿ ಗರಗರ ತಿರುಗಿಸಿದರೆ ಚಾಲೂ ಆಗುತ್ತಿತ್ತು. ಆ ತೂತಿಗೆ ಅಡ್ಡಲಾಗಿ ಟೈರು ಬಂದು ಕೂತ ಮೇಲೆ ಹ್ಯಾಂಡಲು ಹಾಕಲು ಜಾಗವೆಲ್ಲಿ? ತಳ್ಳಬೇಕು. ತಳ್ಳುವವನು ಯಾರು? ಡಿಗ್ರಿ ಪಾಸಾಗದವನು. ಇನ್ನು ಗಾಳಿಗೆ ಎದುರಾಗಿ ಆ ಟೈರು ನಿಂತಿದ್ದರಿಂದ ರೇಡಿಯೇಟರಿಗೆ ಉಸಿರೇ ಇಲ್ಲ. ಆರು ಮೈಲಿ ಓಡಿದರೆ ಕೊತಕೊತ ಕುದಿಯುತ್ತಿತ್ತು. ಕೆರೆ ಕಂಡಲ್ಲಿ, ಬೋರ್‌ವೆಲ್ ಕಂಡಲ್ಲಿ ಕ್ಯಾನು ಹಿಡಿದು ಇಳಿಯುವವನೂ ನಾನೇ. "ಟೈರು ತೆಗೆಸು ದೊಡ್ಡಪ್ಪ" ಎಂದರೆ, "ಬಿಸಿ ಆಯ್ತದೆ, ನೀರ್ ಉಯ್ಯಿ. ಅದ್ರಲ್ಲೇನು?" ಎನ್ನುತ್ತಿದ್ದ.

ಇಷ್ಟೇ ಆಗಿದ್ದರೆ ನಾನೂ ನಕ್ಕು ಮರೆಯುತ್ತಿದ್ದೆ. ಪದ್ಮಕ್ಕನ ವಿಷಯಕ್ಕೆ ಬಂದಾಗ ಮಾತ್ರ ನಗು ಬರುವುದಿಲ್ಲ.

ಪದ್ಮಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಬಿ.ಎ. ಮಾಡಿ, ಬಿ.ಇಡಿ. ಮಾಡಿ, ಎರಡನ್ನೂ ಮೊದಲನೆಯ ಸಲಕ್ಕೇ ಪಾಸು ಮಾಡಿದವಳು. ಅವಳನ್ನು ಕೆ.ಆರ್. ಪೇಟೆಗೆ ಕೊಟ್ಟಿತ್ತು. ಗಂಡ ಎಂಬುವನು ಕೈ ಮಾಡುತ್ತಿದ್ದ. ಮೂರನೆಯ ವರ್ಷ ಅವಳು ಮುಂಗೈಗೆ ಬಟ್ಟೆ ಸುತ್ತಿಕೊಂಡು ಬಂದವಳು, ವಾಪಸು ಹೋಗುವುದಿಲ್ಲವೆಂದು ಕೂತಳು. ಎರಡು ತಿಂಗಳಿಗೆ ಅವರ ಕಡೆಯಿಂದ ಹೇಳಿಕಳಿಸಿದರು. ದೊಡ್ಡಪ್ಪ ಮಾತುಕತೆಗೆಂದು ನನ್ನನ್ನೂ ಕರೆದುಕೊಂಡು ಜೀಪಿನಲ್ಲಿ ಕೆ.ಆರ್. ಪೇಟೆಗೆ ಹೊರಟ. ಅಕ್ಕಿಹೆಬ್ಬಾಳಿನ ಹತ್ತಿರ ರೇಡಿಯೇಟರು ಕುದಿದು, ನಾನು ಹೇಮಾವತಿಯಿಂದ ನೀರು ಹೊತ್ತೆ. ಅಲ್ಲಿ ಹೋಗಿ ಇಳಿದರೆ ಅಕ್ಕನ ಮಾವ ಮೊದಲು ನೋಡಿದ್ದು ನಮ್ಮ ಮುಖವನ್ನಲ್ಲ.

"ಏನ್ ಗೌಡ್ರೆ ಇದು! ಸ್ಟೆಪ್ನಿನ ಮುಂದ್ಕೆ ಆಕ್ಸಿದ್ದೀರಾ? ಇಂತ ಜೀಪು ನಮ್ ತಾಲ್ಲೂಕ್ನಲ್ಲೇ ಇಲ್ಲ ಬುಡಿ!"

ಅವರ ಮನೆಯ ಹೆಂಗಸರು ಬಂದು ಟೈರಿಗೆ ಕುಂಕುಮವಿಟ್ಟರು. ದೊಡ್ಡಪ್ಪನ ಮುಖ ಅರಳಿತು. ಮನೆಯಿಂದ ಹೊರಟಾಗ "ಅವ್ನ ಕೈ ಮುರಿದು ಬತ್ತೀನಿ" ಎಂದಿದ್ದ ಮನುಷ್ಯ ಕಾಫಿ ಕುಡಿದು ಹೇಳಿದ್ದು ಇಷ್ಟು: "ಆಸಾಡ ಕಳೀಲಿ. ನಾನೇ ಕರ್ಕಂಬಂದು ಬುಟ್ಬುಡ್ತೀನಿ." ಒಂದು ಟೈರನ್ನು ಹೊಗಳಿ ನನ್ನ ಅಕ್ಕನನ್ನು ವಾಪಸು ಕೇಳಿದರು, ಇವನು ಒಪ್ಪಿಬಿಟ್ಟ. ದಾರಿಯುದ್ದಕ್ಕೂ ನಾನು ಅವನ ಜೊತೆ ಮಾತಾಡಲಿಲ್ಲ. ಅವನಿಗೆ ಅದು ತಿಳಿಯಲೂ ಇಲ್ಲ.

ಪದ್ಮಕ್ಕ ಅಳಲಿಲ್ಲ. ಆಷಾಢ ಮುಗಿಯುವುದರೊಳಗೆ ಎಲ್ಲಾದರೂ ಕೆಲಸ ಸಿಕ್ಕರೆ ತಾನು ಹೋಗುವುದಿಲ್ಲ ಎಂದಳು. "ಸಿಕ್ಕುದ್ರೆ ಇರು" ಎಂದ ದೊಡ್ಡಪ್ಪ, ಸಿಕ್ಕುವುದಿಲ್ಲ ಎಂಬ ಧೈರ್ಯದ ಮೇಲೆ. ಅವಳು ಎಲ್ಲೆಲ್ಲಿಗೋ ಅರ್ಜಿ ಹಾಕಿದಳು. ಆಷಾಢದ ಕೊನೆಯ ವಾರ ನಾಗಮಂಗಲದ ಒಂದು ಖಾಸಗಿ ಹೈಸ್ಕೂಲಿನಿಂದ ಕಾರ್ಡು ಬಂತು. ಕನ್ನಡ ಟೀಚರ ಜಾಗ ಒಂದೇ. ಹತ್ತೂವರೆಗೆ ಸರಿಯಾಗಿ ಮೂಲಪತ್ರಗಳ ಸಮೇತ ಬರಬೇಕು, ತಡವಾದವರನ್ನು ನೋಡುವುದಿಲ್ಲ.

"ಏಳು ಗಂಟೆ ಬಸ್ಗೆ ಓಯ್ತೀನಿ" ಎಂದಳು ಅಕ್ಕ.

"ಮನೆ ಮುಂದೆ ಜೀಪ್ ನಿಂತಿರೋವಾಗ ನಮ್ಮನೆ ಎಣ್ಮಗ ಬಸ್ಸಲ್ಲಿ ನೇತಾಡ್ಕಂಡ್ ಓಗೋದಾ? ಜನ ಏನಂದಾರು?" ಎಂದ ದೊಡ್ಡಪ್ಪ. ಅವಳು ಎಷ್ಟು ಬೇಡಿದರೂ ಕೇಳಲಿಲ್ಲ. ಬಸ್ಸು ನಮ್ಮ ಕಣ್ಣಮುಂದೆಯೇ ಹೋಯಿತು. ನಾವು ಜೀಪು ತಳ್ಳುತ್ತಿದ್ದೆವು. ಒಳ್ಳೆಯ ಸೀರೆ ಉಟ್ಟಿದ್ದ ಅಕ್ಕನೂ ಸೆರಗು ಸಿಕ್ಕಿಸಿ ಒಂದು ಕಡೆಯಿಂದ ತಳ್ಳಿದಳು.

ಪಾಂಡವಪುರ ದಾಟಿ, ಜಕ್ಕನಹಳ್ಳಿ ಕ್ರಾಸಿನಲ್ಲಿ ಒಮ್ಮೆ ನೀರು ಹುಯ್ದು, ನಾಗಮಂಗಲದ ದಾರಿಯಲ್ಲಿ ಇನ್ನೂ ಮೂರು ಮೈಲಿ ಹೋಗಿರಬೇಕು. ಹಿಂದಿನ ಎಡಗಡೆಯ ಟೈರು ಡಬ್ಬೆಂದು ಸಿಡಿಯಿತು. ಇಳಿದು ನೋಡಿದರೆ ಅದರಲ್ಲಿ ತೇಪೆ ಹಾಕುವಂಥದ್ದೇನೂ ಉಳಿದಿರಲಿಲ್ಲ, ಅಂಗೈ ತೂರುವಷ್ಟು ಹರಿದಿತ್ತು. ಗಂಟೆ ಒಂಬತ್ತೂವರೆ. ಅಕ್ಕ ಜೀಪಿನ ಹಿಂಬದಿಯ ಸೀಟಿನಲ್ಲಿ ಫೈಲನ್ನು ಎದೆಗೊತ್ತಿಕೊಂಡು ಕೂತಿದ್ದಳು. ನಾನು ಸೀಟಿನ ಕೆಳಗಿನಿಂದ ಸುತ್ತಿಗೆ, ಉಳಿ ತೆಗೆದು ನೇರ ಮುಂದಕ್ಕೆ ನಡೆದೆ. ಮೂರು ಚುಕ್ಕೆ ವೆಲ್ಡಿಂಗು. ನಾಲ್ಕೇಟು ಹಾಕಿದರೆ ಬಿಡಬಹುದು.

ದೊಡ್ಡಪ್ಪ ಟೈರಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತುಬಿಟ್ಟ.

"ಉಳಿ ಇಟ್ಗಿಟ್ಟೀಯಾ! ಕುಂಕುಮ ಬಿದ್ದಿರೋ ಟೈರ್ ಕಣ್ಲಾ ಅದು. ಸುಕ್ರವಾರ ಬೇರೆ. ಮುಟ್ಟುದ್ರೆ ಕೈ ಮುರ್ದಾಕ್ಬುಡ್ತೀನಿ."

"ಸ್ಟೆಪ್ನಿ ಇರೋದು ಇದಕ್ಕೇ ದೊಡ್ಡಪ್ಪ! ಅಕ್ಕಂಗೆ ಟೈಮಾಯ್ತಾದೆ!"

"ಜಕ್ಕನಳ್ಳಿಗೆ ಓಗಿ ಪಂಚರ್ನೋನ್ ಕರ್ಕಂಬಾ."

"ಪಂಚರಾಗಿದ್ರಲ್ವಾ ಅವನು ಬರೋದು? ಟೈರೇ ಇಲ್ಲ ಅಲ್ಲಿ!"

"ಅಂಗಾರೆ ಸಿವನಿಚ್ಚೆ. ಕೇಆರ್‌ಪೇಟೆಗೆ ಓಗೋದು ಅವ್ಳ ಅಣೇಲಿ ಬರ್ದದೆ."

ಆ ಮಾತು ಕೇಳಿದ್ದೇ ನನ್ನೊಳಗೆ ಏನೋ ಕಿತ್ತುಕೊಂಡಿತು. ಹುಟ್ಟಿದಾಗಿನಿಂದ ಆಡದೆ ಇಟ್ಟುಕೊಂಡಿದ್ದನ್ನೆಲ್ಲ ಅವತ್ತು ಆಡಿದೆ. ಅಪ್ಪ ಸತ್ತಾಗಿನದು, ಅಕ್ಕನ ಮದುವೆಗೆ ಅವಳನ್ನೊಂದು ಮಾತು ಕೇಳದೆ ಹೋದದ್ದು, ಕೆ.ಆರ್. ಪೇಟೆಯಲ್ಲಿ ಒಂದು ಲೋಟ ಕಾಫಿಗೆ ನಾಲಗೆ ಮಡಚಿಕೊಂಡದ್ದು, ಎಲ್ಲ. ಅವನೂ ಬಿಡಲಿಲ್ಲ. ನಾಲೆಯಿಂದ ನನ್ನನ್ನು ಎತ್ತಿದ್ದನ್ನು ತೆಗೆದ, ಫೇಲಾದ ಪೇಪರುಗಳ ಹೆಸರು ಹಿಡಿದು ಕೂಗಿದ. "ನಮ್ಮಕ್ಕನ ಬಾಳು ದೊಡ್ದಾ, ನಿನ್ ಟೈರು ದೊಡ್ದಾ? ಯೋಳು! ಇವತ್ತು ಯೋಳ್ಬುಡು!" ಎಂದು ನಾನು ಸುತ್ತಿಗೆ ಎತ್ತಿ ಅರಚಿದೆ. ಇಬ್ಬರ ಬಾಯಲ್ಲೂ ನೊರೆ. ಕೊನೆಗೆ ಅವನಿಗೆ ಕೆಮ್ಮು ಹತ್ತಿ ಮೋರಿಯ ಕಟ್ಟೆಯ ಮೇಲೆ ಕುಸಿದು ಕೂತ. ನಾನು ಉಳಿ ಇಟ್ಟು ಬಡಿದೆ. ಸಿಟ್ಟಿನಲ್ಲಿ ಎರಡು ಸಲ ನನ್ನ ಹೆಬ್ಬೆರಳಿಗೇ ಬಡಿದುಕೊಂಡೆ. ಮೂರು ನಟ್ಟೂ ಬಿಟ್ಟವು.

ಜಾಕು ಕೊಟ್ಟೆ, ಹರಿದದ್ದನ್ನು ಬಿಚ್ಚಿದೆ, ಪೂಜೆಗೊಂಡ ಟೈರನ್ನು ಹಾಕಿ ಬಿಗಿ ಮಾಡಿದೆ, ಗೆದ್ದವನ ಗತ್ತಿನಲ್ಲಿ ಜಾಕು ಇಳಿಸಿದೆ. ಜೀಪು ಇಳಿಯಿತು, ಇಳಿಯಿತು, ಇಳಿಯುತ್ತಲೇ ಹೋಗಿ ರಿಮ್ಮಿನ ಮೇಲೆ ಕೂತಿತು. ಟೈರಿನಲ್ಲಿ ಗಾಳಿಯೇ ಇರಲಿಲ್ಲ. ಎರಡು ವರ್ಷ ಅದಕ್ಕೆ ಹೂವು ಮುಡಿಸಿದ್ದೆವು, ಕಾಯಿ ಒಡೆದಿದ್ದೆವು, ಗಾಳಿ ಇದೆಯೇ ಎಂದು ನಮ್ಮಲ್ಲಿ ಒಬ್ಬನೂ ನೋಡಿರಲಿಲ್ಲ.

"ನೋಡು, ನೋಡು ನಿನ್ ಲಕ್ಷ್ಮಿನ!" ಎಂದು ಕೂಗಿ, ಅಕ್ಕನಿಗೆ ಏನು ಹೇಳುವುದೆಂದು ತಿಳಿಯದೆ ಹಿಂದಕ್ಕೆ ಹೋದೆ. ಸೀಟು ಖಾಲಿ. ನಮಗೆಂದು ಅವಳು ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನದ ಡಬ್ಬಿ ಇತ್ತು. ಫೈಲು ಇರಲಿಲ್ಲ.

ರಸ್ತೆಯಾಚೆ ಕುರಿ ಬಿಟ್ಟುಕೊಂಡು ನಿಂತಿದ್ದ ಮುದುಕನೊಬ್ಬ ಎಷ್ಟು ಹೊತ್ತಿನಿಂದ ನಮ್ಮನ್ನು ನೋಡುತ್ತಿದ್ದನೋ. "ಆ ಯಮ್ಮನ್ನಾ ಉಡುಕ್ತಿರೋದು?" ಎಂದ. "ಆಗ್ಲೇ ಸೈಜ್‌ಗಲ್ ಲಾರಿ ಅತ್ಕಂಡು ನಾಗಮಂಗ್ಲದ ಕಡೀಕೆ ಓಯ್ತಲ್ಲಪ್ಪಾ. ನೀವ್ ಆಗಿನ್ನೂ ಕಾಳ್ಗ ಆಡ್ತಿದ್ರಿ."

ದೊಡ್ಡಪ್ಪ ತಲೆ ಎತ್ತಿದ. "ಲಾರಿ ಅತ್ತುದ್ಲಾ? ನಮ್ಮನೆ ಎಣ್ಮಗ?" ಎಂದ. ಬಸ್ಸಿನಲ್ಲಿ ಹೋದರೆ ಜನ ಏನಂದಾರೆಂದು ಯೋಚಿಸಿದವನು. ನನಗೆ ನಗಬೇಕೆನ್ನಿಸಿತು, ಆಗಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮೋರಿಯ ಆ ತುದಿಗೊಬ್ಬ, ಈ ತುದಿಗೊಬ್ಬ ಕೂತೆವು. ಮಧ್ಯಾಹ್ನ ಹಸಿವು ತಡೆಯಲಾರದೆ ಚಿತ್ರಾನ್ನವನ್ನು ಮಾತ್ರ ಹಂಚಿಕೊಂಡು ತಿಂದೆವು.

ಪದ್ಮಕ್ಕನಿಗೆ ಕೆಲಸ ಸಿಕ್ಕಿತು. ಹತ್ತೂಕಾಲಿಗೆ ಸ್ಕೂಲಿನ ಗೇಟಿನ ಮುಂದೆ ಲಾರಿಯಿಂದ ಇಳಿದಳಂತೆ, ಸೀರೆಯ ಮೇಲೆಲ್ಲ ಕಲ್ಲಿನ ಧೂಳು. ಆಷಾಢ ಕಳೆಯಿತು, ಅವಳು ಕೆ.ಆರ್. ಪೇಟೆಗೆ ಹೋಗಲಿಲ್ಲ. ನಾಗಮಂಗಲದಲ್ಲೇ ಒಂದು ವಠಾರದಲ್ಲಿ ರೂಮು ಮಾಡಿದಳು. ಊರಿಗೆ ಬಂದು ತನ್ನ ಟ್ರಂಕು ತೆಗೆದುಕೊಂಡು ಹೋದಳು, ಬಸ್ಸಿನಲ್ಲಿ. ದೊಡ್ಡಪ್ಪ ಸಿಕ್ಕಿದವರಿಗೆಲ್ಲ, "ನಾನೇ ಜೀಪಲ್ಲಿ ಕರ್ಕಂಡೋಗಿದ್ದು, ಇಲ್ದಿದ್ರೆ ಎಲ್ಲಿ ಸಿಕ್ತಿತ್ತು ಕೆಲ್ಸ?" ಎಂದು ಹೇಳಿಕೊಂಡು ತಿರುಗಿದ. ನಟ್ಟುಗಳನ್ನು ಹೊಸದಾಗಿ ಹಾಕಿಸಿ, ಟೈರಿಗೆ ಗಾಳಿ ತುಂಬಿಸಿ, ಮತ್ತೆ ಮೂತಿಗೇ ಏರಿಸಿದ. ಹರಿದದ್ದರ ಜಾಗಕ್ಕೆ ಬೋಳು ಟೈರುಗಳಿಗೆ ಇನ್ನೊಬ್ಬ ಜೊತೆಗಾರ ಬಂದ, ಅವನೂ ಬೋಳ.

ನಾನು ಮಾತ್ರ ಕಡಿಮೆಯವನೇ? ನಾನೂ ನನ್ನ ಕಥೆ ಕಟ್ಟಿಕೊಂಡಿದ್ದೆ. ಅದರಲ್ಲಿ ನಾನು ಅಕ್ಕನಿಗಾಗಿ ದೊಡ್ಡಪ್ಪನ ಎದುರು ಸುತ್ತಿಗೆ ಎತ್ತಿದ ತಮ್ಮ. ಊದಿಕೊಂಡ ಹೆಬ್ಬೆರಳನ್ನು ಎಷ್ಟೋ ದಿನ ತೋರಿಸಿಕೊಂಡು ಓಡಾಡಿದೆ.

ಆ ವರ್ಷದ ಗೌರಿಹಬ್ಬಕ್ಕೆ ತವರಿನ ಬಾಗಿನ ಕೊಡಲು ನಾಗಮಂಗಲಕ್ಕೆ ಹೋದೆ. ಅಕ್ಕ ದುಂಡಗಾಗಿದ್ದಳು, ಮುಖದಲ್ಲಿ ಬೆಳಕಿತ್ತು. ಮೊರದ ಜೊತೆಯನ್ನು ಅವಳ ಕೈಗಿಟ್ಟು, ಒಬ್ಬಟ್ಟು ತಿನ್ನುತ್ತಾ, ವಠಾರದ ಯಜಮಾನಿಗೆ ಆ ದಿನದ ಕಥೆಯನ್ನು ಉಪ್ಪುಖಾರ ಹಾಕಿ ಹೇಳಿದೆ. ದೊಡ್ಡಪ್ಪ ಕೈ ಚಾಚಿದ್ದು, ನಾನು ಗುಡುಗಿದ್ದು, ಟೈರು ಕುಸಿದದ್ದು. ಆಯಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡು ಎದ್ದುಹೋದರು. ನಾನು ಗೆಲುವಿನಲ್ಲಿ, "ಅಲ್ಲ ಕಣಕ್ಕ, ನಿನಗೋಸ್ಕರ ನಾನಲ್ಲಿ ಕೊರಳು ಅರ್ಕಂತಿದ್ರೆ ನೀನು ಒಂದು ಮಾತು ಯೋಳ್ದೆ ಓಗ್ಬುಡೋದಾ?" ಎಂದೆ.

ಪದ್ಮಕ್ಕ ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದಳು. ದನಿ ಏರಿಸಲಿಲ್ಲ.

"ಯೋಳ್ದೆ ಕಣ್ಲಾ ಮಾದೇಸ. ಲಾರಿ ಮೆಟ್ಲ ಮೇಲೆ ನಿಂತ್ಕಂಡು ಎರಡ್ ಸಲ ಕೂಗ್ದೆ. ನೀವಿಬ್ರೂ ಕೇಳುಸ್ಕಳ್ನಿಲ್ಲ. ಆಮೇಲೆ ಡ್ರೈವರೇ ಪಾಪ ಆರನ್ ಒಡ್ದ. ಆಗ ನೀನು ಇತ್ಲಾಗ್ ತಿರುಗ್ದೆನೇ ಕೈ ಬೀಸಿ, ಓಗು ಓಗು ಅಂದೆ. ಅದ್ಕೇ ಓದೆ."

ಹಾರನ್ನು ನನಗೆ ಕೇಳಿಸಿತ್ತು. ಯಾವನೋ ಲಾರಿಯವನು ದಾರಿ ಬಿಡಿ ಎನ್ನುತ್ತಿದ್ದಾನೆ ಎಂದುಕೊಂಡು, ನಮ್ಮಕ್ಕನ ಬಾಳು ದೊಡ್ಡದಾ ಎಂದು ಅರಚುತ್ತಲೇ, ಸುತ್ತಿಗೆ ಹಿಡಿದ ಕೈಯನ್ನು ಬೀಸಿ ಹೋಗತ್ಲಾಗೆ ಎಂದಿದ್ದೆ.